ಮನೆಯಲ್ಲೇ ಸ್ಪೋರ್ಟ್ಸ್ ಕಾರಿನ ಬ್ರೇಕ್ ಆಯಿಲ್ ಬದಲಿಸುವ ಬಗೆ

ಒಂದು ಏಪ್ರಿಲ್ ಮಧ್ಯಾಹ್ನ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುತ್ತಿದ್ದಾಗ ನನ್ನ ಕಾರಿನ ಬ್ರೇಕ್ ಪೆಡಲ್ ಮೆತ್ತಗಾಯಿತು. ಮೊದಲ ಕೆಲವು ತಿರುವುಗಳಲ್ಲಿ ಕಲ್ಲಿನಷ್ಟು ಗಟ್ಟಿಯಾಗಿದ್ದ ಪೆಡಲ್, ಆಮೇಲೆ ಒದ್ದೆ ಸ್ಪಂಜು ತುಳಿದ ಹಾಗೆ ಒಳಕ್ಕೆ ಇಳಿಯತೊಡಗಿತು. ಎರಡು ಸಲ ಪಂಪ್ ಮಾಡಿದ ಮೇಲೆ ಹಿಡಿಯಿತು. ಗೇರ್ ಇಳಿಸಿ, ಎಂಜಿನ್ನಿನ ಹಿಡಿತದಲ್ಲೇ ಕಾರನ್ನು ನಿಧಾನವಾಗಿ ತಂದು, ಜಾಗ ಸಿಕ್ಕ ಕಡೆ ಬದಿಗೆ ನಿಲ್ಲಿಸಿ ಮುಕ್ಕಾಲು ಗಂಟೆ ಕಾದೆ. ಚಕ್ರಗಳು ತಣ್ಣಗಾದ ಮೇಲೆ ಪೆಡಲ್ ತಾನಾಗಿಯೇ ಮೊದಲಿನಂತೆ ಗಟ್ಟಿಯಾಯಿತು. ಬ್ರೇಕ್ ಪ್ಯಾಡ್ ಹೊಸದಾಗಿತ್ತು, ಡಿಸ್ಕ್ ಚೆನ್ನಾಗಿತ್ತು. ಕೆಟ್ಟದ್ದು ಯಾರ ಕಣ್ಣಿಗೂ ಬೀಳದ ಆಯಿಲ್. ಸೆಕೆಂಡ್ ಹ್ಯಾಂಡ್ ಕೊಂಡ ಪೋರ್ಷೆ ಬಾಕ್ಸ್‌ಟರ್, 987 ಮಾದರಿಯದು. ಸರ್ವಿಸ್ ಪುಸ್ತಕ ತೆರೆದು ನೋಡಿದರೆ ಬ್ರೇಕ್ ಆಯಿಲ್ ಬದಲಿಸಿ ನಾಲ್ಕು ವರ್ಷ ದಾಟಿತ್ತು.

ಆವತ್ತಿನಿಂದ ಈ ಕೆಲಸವನ್ನು ನಾನೇ ಮಾಡುತ್ತಿದ್ದೇನೆ. ನನ್ನ ಕಾರನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಬರೆಯುತ್ತೇನೆ. ಸಾಮಾನ್ಯ ಹೈಡ್ರಾಲಿಕ್ ಬ್ರೇಕ್ ಇರುವ ಬೇರೆ ಕಾರಿಗೂ ಕ್ರಮ ಹೆಚ್ಚುಕಡಿಮೆ ಇದೇ. ಸ್ಪ್ಯಾನರಿನ ಅಳತೆ, ಬೋಲ್ಟಿನ ಬಿಗಿ ಬೇರೆ ಇರುತ್ತವೆ, ಅವನ್ನು ನಿಮ್ಮ ಕಾರಿನ ಕೈಪಿಡಿಯಿಂದಲೇ ತೆಗೆದುಕೊಳ್ಳಿ. ಒಂದು ಎಚ್ಚರಿಕೆಯನ್ನು ಮೊದಲೇ ಹೇಳುತ್ತೇನೆ. ಕೆಲವು ಕಾರುಗಳಲ್ಲಿ ಬ್ರೇಕಿನ ಒತ್ತಡವನ್ನು ವಿದ್ಯುತ್ ಪಂಪ್ ಮತ್ತು ಕಂಪ್ಯೂಟರ್ ಸೇರಿ ಕೊಡುತ್ತವೆ. 2000ದ ದಶಕದ ಮರ್ಸಿಡಿಸ್ ಎಸ್‌ಎಲ್ ಅಂಥದ್ದು. ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಇಲ್ಲದೆ ಅವುಗಳ ನಿಪ್ಪಲ್, ಅಂದರೆ ಚಕ್ರದ ಬಳಿ ಆಯಿಲ್ ಹೊರಬಿಡುವ ಸಣ್ಣ ಟೊಳ್ಳು ತಿರುಪು, ಬಿಚ್ಚಲು ಹೋಗಬೇಡಿ.

ಪೆಡಲ್ ಮೆತ್ತಗಾದದ್ದು ಏಕೆ

ಆಯಿಲ್ ಎಂದು ಕರೆದರೂ ಇದು ಎಣ್ಣೆಯಲ್ಲ. ಗ್ಲೈಕಾಲ್ ಮೂಲದ ದ್ರವ. ನೀರಿನ ಮೇಲೆ ಇದಕ್ಕೆ ಬಹಳ ಮೋಹ. ಬ್ರೇಕಿನ ರಬ್ಬರ್ ಹೋಸ್‌ಗಳ ಮೂಲಕ, ಕಾರಿನೊಳಗೆ ಈ ಆಯಿಲ್ ತುಂಬಿಡುವ ಡಬ್ಬದ ಮುಚ್ಚಳದ ಗಾಳಿಕಿಂಡಿಯ ಮೂಲಕ ವಾತಾವರಣದ ತೇವವನ್ನು ದಿನವೂ ಚೂರುಚೂರೇ ಹೀರುತ್ತಿರುತ್ತದೆ. ಹೊಸ ಡಾಟ್ 4 ದರ್ಜೆಯ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಅಳತೆಗೋಲು. ಅದೇ ಆಯಿಲಿಗೆ ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ಡಿಸ್ಕಿನ ಬಿಸಿ ಪ್ಯಾಡಿಗೆ, ಪ್ಯಾಡಿನಿಂದ ಪಿಸ್ಟನ್ನಿಗೆ, ಅಲ್ಲಿಂದ ಆಯಿಲಿಗೆ ಏರುತ್ತದೆ. ಆಯಿಲ್ ಕುದಿದು ಆವಿಯ ಗುಳ್ಳೆ ಹುಟ್ಟಿದರೆ ಮುಗಿಯಿತು. ದ್ರವ ಒತ್ತಡಕ್ಕೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನಿಮ್ಮ ಕಾಲಿನ ಬಲವೆಲ್ಲ ಆ ಗುಳ್ಳೆಯನ್ನು ಹಿಸುಕುವುದಕ್ಕೇ ಖರ್ಚಾಗುತ್ತದೆ. ತಣ್ಣಗಾದಾಗ ಆವಿ ಮತ್ತೆ ದ್ರವವಾಗುತ್ತದೆ, ಪೆಡಲ್ ಗಟ್ಟಿಯಾಗುತ್ತದೆ. ಮನೆಗೆ ಬಂದು ಮೆಕ್ಯಾನಿಕ್‌ಗೆ ತೋರಿಸಿದರೆ ಎಲ್ಲ ಸರಿಯಾಗಿಯೇ ಇರುತ್ತದೆ. ಈ ದೋಷ ಅಪಾಯಕಾರಿಯಾಗುವುದೇ ಇದರಿಂದ.

ನೀರು ಇನ್ನೊಂದು ಹಾನಿಯನ್ನೂ ಸದ್ದಿಲ್ಲದೆ ಮಾಡುತ್ತದೆ: ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿಸ್ಟನ್, ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಘಟಕದ ಸೂಕ್ಷ್ಮ ವಾಲ್ವ್‌ಗಳಿಗೆ ತುಕ್ಕು. ಎಬಿಎಸ್ ಘಟಕದ ಬೆಲೆ ವಿಚಾರಿಸಿದವರಿಗೆ ಒಂದು ಲೀಟರ್ ಆಯಿಲಿನ ಬೆಲೆ ಹೆಚ್ಚೆನಿಸುವುದಿಲ್ಲ.

ನನ್ನ ಕಾರಿಗೆ ಕಂಪನಿ ಹೇಳುವ ಅವಧಿ ಎರಡು ವರ್ಷ. ಕರಾವಳಿಯಲ್ಲಿ ಇರುವವರು, ಮಲೆನಾಡಿನ ಮಳೆಯಲ್ಲಿ ಕಾರು ನಿಲ್ಲಿಸುವವರು ಅದನ್ನು ಗರಿಷ್ಠ ಎಂದು ತಿಳಿಯುವುದು ಒಳ್ಳೆಯದು. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಗೋ ಚೆನ್ನೈ ಬಳಿಯ ಟ್ರ್ಯಾಕಿಗೋ ಹೋಗುವ ಅಭ್ಯಾಸ ಇದ್ದರೆ ವರ್ಷಕ್ಕೊಮ್ಮೆಯಾದರೂ ಬೇಕು. ಬಣ್ಣ ನೋಡಿ ತೀರ್ಮಾನಿಸಬೇಡಿ. ತಿಳಿಯಾಗಿ ಕಾಣುವ ಆಯಿಲಿನಲ್ಲೂ ನೀರು ಇರಬಹುದು. ಪೆನ್ನಿನಂಥ ಟೆಸ್ಟರ್ ಅದ್ದಿದರೆ ಡಬ್ಬದೊಳಗಿನ ಆಯಿಲಿನ ಸಂಗತಿಯಷ್ಟೇ ತಿಳಿಯುತ್ತದೆ, ಬಿಸಿ ತಿನ್ನುವ ಆಯಿಲ್ ಇರುವುದು ಕ್ಯಾಲಿಪರಿನಲ್ಲಿ. ನಾನು ನಂಬುವುದು ಕ್ಯಾಲೆಂಡರನ್ನು.

ಯಾವ ಆಯಿಲ್ ತರಬೇಕು

ಕಾರಿನ ಆಯಿಲ್ ಡಬ್ಬದ ಮುಚ್ಚಳದ ಮೇಲೆ ಏನು ಬರೆದಿದೆಯೋ ಅದನ್ನೇ ತನ್ನಿ. ಇವತ್ತಿನ ಬಹುತೇಕ ಕಾರುಗಳಿಗೆ ಅದು ಡಾಟ್ 4. ಡಾಟ್ 5.1 ಕೂಡ ಗ್ಲೈಕಾಲ್ ಜಾತಿಯದೇ, ಡಾಟ್ 4ರ ಜೊತೆ ಬೆರೆಯುತ್ತದೆ. ಅದರ ಕುದಿಯುವ ಮಿತಿ ಹೊಸದಾಗಿದ್ದಾಗ 260, ನೀರು ಸೇರಿದಾಗ 180. ಆದರೆ ಡಾಟ್ 5 ಎಂಬ ಹೆಸರಿನದು ಸಿಲಿಕೋನ್. ಹತ್ತಿರದ ಹೆಸರು, ಬೇರೆಯದೇ ವಸ್ತು. ಗ್ಲೈಕಾಲ್ ಜೊತೆ ಅದು ಬೆರೆಯುವುದಿಲ್ಲ, ಎಬಿಎಸ್ ಇರುವ ಕಾರಿಗೆ ಸಲ್ಲದು. ಅಂಗಡಿಯವರು ಎರಡೂ ಒಂದೇ ಎಂದರೆ ವಾದ ಮಾಡದೆ ಮುಂದಿನ ಅಂಗಡಿಗೆ ಹೋಗಿ. ಎಂಜಿನ್ ಆಯಿಲ್, ಸ್ಟೀರಿಂಗ್ ಆಯಿಲ್ ಇವುಗಳ ಒಂದು ಹನಿಯೂ ಈ ಡಬ್ಬಕ್ಕೆ ಬೀಳಬಾರದು. ಖನಿಜ ತೈಲ ತಗುಲಿದರೆ ಬ್ರೇಕಿನ ರಬ್ಬರ್ ಸೀಲುಗಳು ಊದಿಕೊಳ್ಳುತ್ತವೆ. ಆಮೇಲೆ ಪೆಡಲಿನ ಒತ್ತನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರಿನಿಂದ ಕ್ಯಾಲಿಪರ್‌ವರೆಗೆ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ. ಆಯಿಲ್ ಎಂಬ ಹೆಸರನ್ನೇ ನಂಬಿ ಕೈಗೆ ಸಿಕ್ಕ ಎಣ್ಣೆ ಸುರಿದವರಿದ್ದಾರೆ, ಅದಕ್ಕಾಗಿ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಟ್ರ್ಯಾಕಿಗೆ ಹೋಗುವವರು ಮೋಟುಲ್ ಆರ್‌ಬಿಎಫ್ 600ರಂಥ ರೇಸಿಂಗ್ ಆಯಿಲ್ ಹಾಕುತ್ತಾರೆ. ಹೊಸದಾಗಿರುವಾಗ ಅದು 300 ಡಿಗ್ರಿಗೂ ಮೀರಿ ತಡೆಯುತ್ತದೆ. ಘಾಟಿ ರಸ್ತೆಗೆ ಅಷ್ಟು ಬೇಡ. ತಾಜಾ ಡಾಟ್ 4 ಸಾಕು, ತಾಜಾ ಎಂಬುದೇ ಮುಖ್ಯ.

ಅರ್ಧ ಲೀಟರಿನ ಎರಡು ಸೀಲ್ ಡಬ್ಬಗಳನ್ನು ತನ್ನಿ. ಬಾಕ್ಸ್‌ಟರಿಗೆ ಒಂದು ಲೀಟರಿನಲ್ಲಿ ಕೆಲಸ ಮುಗಿಯುತ್ತದೆ. ಒಂದೇ ದೊಡ್ಡ ಡಬ್ಬಕ್ಕಿಂತ ಎರಡು ಚಿಕ್ಕವು ಲೇಸು, ಒಂದನ್ನು ಬಳಸುವಾಗ ಇನ್ನೊಂದಕ್ಕೆ ಗಾಳಿ ತಾಕುವುದಿಲ್ಲ. ಸೀಲ್ ಒಡೆದು ಉಳಿದದ್ದನ್ನು ಮುಂದಿನ ವರ್ಷಕ್ಕೆಂದು ಎತ್ತಿಡಬೇಡಿ. ಮಳೆ ಸುರಿಯುವ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ. ನಾನು ಮಳೆಗಾಲ ಮುಗಿದ ಮೇಲೆ ಬಿಸಿಲಿರುವ ಭಾನುವಾರವನ್ನು ಆರಿಸಿಕೊಳ್ಳುತ್ತೇನೆ.

ಸಾಮಾನು ಜೋಡಿಸುವುದು

ಮುಖ್ಯ ಹತಾರ 11 ಎಂಎಂ ರಿಂಗ್ ಸ್ಪ್ಯಾನರ್, ನನ್ನ ಕಾರಿನ ನಿಪ್ಪಲ್‌ಗಳ ಅಳತೆ ಅದು. ಆರು ಮೂಲೆಯ ರಿಂಗ್ ಸಿಕ್ಕರೆ ಅದನ್ನೇ ಕೊಳ್ಳಿ; ಹನ್ನೆರಡು ಮೂಲೆಯದು ಬಿಗಿದ ನಿಪ್ಪಲ್‌ನ ಅಂಚನ್ನು ಸವೆಸುತ್ತದೆ, ತೆರೆದ ಬಾಯಿಯ ಸ್ಪ್ಯಾನರ್ ಇನ್ನೂ ಬೇಗ ಸವೆಸುತ್ತದೆ. ಬೆಂಗಳೂರಿನಲ್ಲಿ ಇರುವವರಿಗೆ ಜೆ.ಸಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಬೇಕಾದದ್ದೆಲ್ಲ ಸಿಗುತ್ತದೆ. ನಿಪ್ಪಲ್‌ಗೆ ಬಿಗಿಯಾಗಿ ಕೂರುವ ಪಾರದರ್ಶಕ ಕೊಳವೆ ಒಂದು ಮೀಟರ್. ಅಕ್ವೇರಿಯಂ ಅಂಗಡಿಯ ಗಾಳಿ ಕೊಳವೆಯೂ ಆಗುತ್ತದೆ. ಅದರ ಇನ್ನೊಂದು ತುದಿಗೆ, ಮುಚ್ಚಳದಲ್ಲಿ ತೂತು ಕೊರೆದ ಖಾಲಿ ನೀರಿನ ಬಾಟಲಿ. ಮುಚ್ಚಳದಲ್ಲಿ ಗಾಳಿ ಹೋಗಲು ಇನ್ನೊಂದು ಸಣ್ಣ ತೂತೂ ಇರಲಿ. ಬಾಟಲಿಯ ಮೇಲೆ ನೂರು ಮಿಲಿಲೀಟರಿಗೊಂದರಂತೆ ಗೆರೆ ಎಳೆದಿಟ್ಟುಕೊಳ್ಳಿ. ಹಳೆಯ ಆಯಿಲನ್ನು ಡಬ್ಬದಿಂದ ಎಳೆಯಲು ಔಷಧಿ ಅಂಗಡಿಯ 50 ಮಿಲಿಲೀಟರ್ ಸಿರಿಂಜ್, ಸೂಜಿ ಬೇಡ.

ಇದರ ಜೊತೆ ಜ್ಯಾಕ್, ಕಬ್ಬಿಣದ ಸ್ಟ್ಯಾಂಡ್, ಚಕ್ರಕ್ಕೆ ಒಡ್ಡಲು ಮರದ ತುಂಡು, ಬೋಲ್ಟನ್ನು ಅಳತೆಯ ಬಿಗಿಗೆ ತಿರುಗಿಸುವ ಟಾರ್ಕ್ ರೆಂಚ್, ಕೈಗವಸು, ಕಣ್ಣಿಗೆ ಕನ್ನಡಕ, ಹಳೆಯ ಬಟ್ಟೆ. ಒಂದು ಬಕೆಟ್ ನೀರು ಮತ್ತು ಚೊಂಬನ್ನು ಮರೆಯಬೇಡಿ. ಬ್ರೇಕ್ ಆಯಿಲ್ ಕಾರಿನ ಬಣ್ಣವನ್ನು ಕಿತ್ತು ತೆಗೆಯುತ್ತದೆ. ಒಂದು ಹನಿ ಬಿದ್ದರೂ ಒರೆಸುತ್ತ ಕೂರದೆ ಕೂಡಲೇ ನೀರು ಸುರಿಯಿರಿ. ನೀರಿನಲ್ಲಿ ಅದು ಕರಗುತ್ತದೆ.

ಕಾರನ್ನು ಎತ್ತುವುದು

ಸಮತಟ್ಟಾದ ಗಟ್ಟಿ ನೆಲ ಬೇಕು. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನೀರು ಹರಿಯಲೆಂದು ನೆಲವನ್ನು ವಾಲಿಸಿರುತ್ತಾರೆ, ಗಮನಿಸಿ. ಗೇರ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಬಾಕ್ಸ್‌ಟರಿನಲ್ಲಿ ಹ್ಯಾಂಡ್‌ಬ್ರೇಕ್ ಕೇಬಲ್ಲಿನಿಂದ ಕೆಲಸ ಮಾಡುವ ಪ್ರತ್ಯೇಕ ಡ್ರಮ್ ಆದ್ದರಿಂದ ಎಳೆದಿದ್ದರೂ ಹೈಡ್ರಾಲಿಕ್ ಕೆಲಸಕ್ಕೆ ಅಡ್ಡಿಯಿಲ್ಲ. ಎತ್ತದ ಕಡೆಯ ಚಕ್ರಗಳಿಗೆ ಮರದ ತುಂಡು ಒಡ್ಡಿ. ಚಕ್ರದ ಬೋಲ್ಟ್‌ಗಳನ್ನು ಕಾರು ನೆಲದ ಮೇಲಿರುವಾಗಲೇ ಅರ್ಧ ತಿರುವು ಸಡಿಲಿಸಿ, ಆಮೇಲೆ ಕೈಪಿಡಿ ತೋರಿಸಿದ ಜಾಗದಲ್ಲೇ ಜ್ಯಾಕ್ ಕೊಟ್ಟು ಎತ್ತಿ.

ನಾನು ಒಂದು ಸಲಕ್ಕೆ ಒಂದೇ ಚಕ್ರ ಬಿಚ್ಚುತ್ತೇನೆ. ನಾಲ್ಕನ್ನೂ ಎತ್ತಿ ನಿಲ್ಲಿಸಿದರೆ ಕೆಲಸ ಬೇಗ ಆಗುತ್ತದೆ ನಿಜ, ಆದರೆ ತಗ್ಗಿನ ಕಾರನ್ನು ನಾಲ್ಕು ಸ್ಟ್ಯಾಂಡಿನ ಮೇಲೆ ಒಬ್ಬರೇ ನಿಲ್ಲಿಸುವುದು ಮನೆಯ ಕೆಲಸವಲ್ಲ ಎಂದು ನನಗೆ ಅನಿಸುತ್ತದೆ. ಎತ್ತಿದ ಮೇಲೆ ಗಟ್ಟಿ ಜಾಗಕ್ಕೆ ಸ್ಟ್ಯಾಂಡ್ ಕೊಡಿ, ಬಿಚ್ಚಿದ ಚಕ್ರವನ್ನು ಕಾರಿನ ಅಂಚಿನ ಅಡಿಗೆ ಮಲಗಿಸಿಡಿ. ಜ್ಯಾಕ್ ಜಾರಿ ಸ್ಟ್ಯಾಂಡ್ ವಾಲಿದರೂ ಕಾರು ಚಕ್ರದ ಮೇಲೆ ಕೂರುತ್ತದೆ, ನಿಮ್ಮ ಕೈ ಮೇಲೆ ಕೂರುವುದಿಲ್ಲ. ಬರೀ ಜ್ಯಾಕಿನ ಭರವಸೆಯಲ್ಲಿ ಕಾರಿನ ಅಡಿಗೆ ತಲೆ ಹಾಕಬೇಡಿ, ಒಂದು ಕ್ಷಣಕ್ಕೂ.

ಡಬ್ಬ ಖಾಲಿ ಮಾಡಿ ತುಂಬುವುದು

ಬಾಕ್ಸ್‌ಟರಿನಲ್ಲಿ ಎಂಜಿನ್ ಸೀಟಿನ ಹಿಂದೆ. ಬ್ರೇಕ್ ಆಯಿಲಿನ ಡಬ್ಬ ಮಾತ್ರ ಮುಂದಿನ ಡಿಕ್ಕಿಯೊಳಗೆ, ಗಾಜಿನ ಬುಡದ ಪ್ಲಾಸ್ಟಿಕ್ ಹೊದಿಕೆಯ ಅಡಿಯಲ್ಲಿ ಇದೆ. ಸುತ್ತ ಬಟ್ಟೆ ಹಾಸಿ, ಮುಚ್ಚಳದ ಧೂಳು ಒರೆಸಿ ಬಿಚ್ಚಿ. ಒಂದು ಕಾಳು ಮಣ್ಣೂ ಒಳಕ್ಕೆ ಬೀಳಬಾರದು. ಸಿರಿಂಜಿನಿಂದ ಹಳೆಯದನ್ನು ಎಳೆದು, ತಳದಲ್ಲಿ ಸ್ವಲ್ಪ ಉಳಿಸಿ, ಹೊಸದನ್ನು ಗರಿಷ್ಠ ಗೆರೆಯವರೆಗೆ ತುಂಬಿ. ಹೀಗೆ ಮಾಡದೆ ನೇರವಾಗಿ ನಿಪ್ಪಲ್ ತೆರೆದರೆ ಡಬ್ಬದ ಹಳೆಯ ಆಯಿಲೆಲ್ಲ ಕೊಳವೆಗಳ ಮೂಲಕವೇ ಹರಿಯಬೇಕಾಗುತ್ತದೆ, ಹೊಸದು ದಂಡವಾಗುತ್ತದೆ. ಡಬ್ಬ ಖಾಲಿ ಇರುವಾಗ ಯಾರೂ ಪೆಡಲ್ ಮುಟ್ಟಕೂಡದು, ಬ್ರೇಕಿನದೂ ಕ್ಲಚ್ಚಿನದೂ.

ಕ್ಲಚ್ ಎಂದೆ, ಏಕೆಂದರೆ ಈ ಕಾರಿನ ಮ್ಯಾನ್ಯುಯಲ್ ಗೇರಿನ ಮಾದರಿಯಲ್ಲಿ ಕ್ಲಚ್ಚಿಗೂ ಇದೇ ಡಬ್ಬದಿಂದ ಆಯಿಲ್ ಹೋಗುತ್ತದೆ. ಬ್ರೇಕಿಗೆ ಕೊಟ್ಟ ಗಮನದಲ್ಲಿ ಅದನ್ನು ಮರೆಯುವವರೇ ಹೆಚ್ಚು. ಕ್ಲಚ್ಚಿನ ನಿಪ್ಪಲ್ ಗೇರ್‌ಬಾಕ್ಸಿನ ಬಳಿ, ಕಾರಿನ ಅಡಿಯಲ್ಲಿದೆ. ಅದನ್ನು ನಾನು ಮನೆಯಲ್ಲಿ ಮಾಡುವುದಿಲ್ಲ. ಲಿಫ್ಟ್ ಇರುವ ಗ್ಯಾರೇಜಿಗೆ ಎಂಜಿನ್ ಆಯಿಲ್ ಬದಲಿಸಲು ಹೋದಾಗ ಮಾಡಿಸುತ್ತೇನೆ.

ಮೊದಲು ಯಾವ ಚಕ್ರ

ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರು ಮಾಡಿ ಹತ್ತಿರದ್ದರಲ್ಲಿ ಮುಗಿಸುವುದು ರೂಢಿ. ಅಮೆರಿಕದವರ ವಿಡಿಯೊಗಳಲ್ಲಿ ಹಿಂದಿನ ಬಲ ಚಕ್ರ ಮೊದಲು ಎಂದಿರುತ್ತದೆ. ಅವರ ಸ್ಟೀರಿಂಗ್ ಎಡಕ್ಕಿದೆ. ನಮ್ಮ ಕಾರಿನಲ್ಲಿ ಸ್ಟೀರಿಂಗ್ ಬಲಕ್ಕೆ, ಹಾಗಾಗಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ನಿಮ್ಮ ಕಾರಿನ ಕೈಪಿಡಿ ಬೇರೆ ಕ್ರಮ ಹೇಳಿದರೆ ಅದನ್ನೇ ಅನುಸರಿಸಿ.

ಸಾಮಾನ್ಯ ಕಾರುಗಳ ಕ್ಯಾಲಿಪರಿಗೆ ಒಂದು ನಿಪ್ಪಲ್. ಬಾಕ್ಸ್‌ಟರಿನದು ಎರಡೂ ಕಡೆಯಿಂದ ಒತ್ತುವ ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್, ಅದಕ್ಕೆ ಹೊರಗೊಂದು, ಒಳಗೊಂದು, ಹೀಗೆ ಎರಡು ನಿಪ್ಪಲ್. ಒಟ್ಟು ಎಂಟು. ನಾನು ಹೊರಗಿನದನ್ನು ಮೊದಲು ತೆರೆಯುತ್ತೇನೆ, ಆಮೇಲೆ ಒಳಗಿನದು. ಒಳಗಿನದು ಕಣ್ಣಿಗೆ ಕಾಣುವುದಿಲ್ಲವೆಂದು ಬಿಟ್ಟುಬಿಟ್ಟರೆ ಅರ್ಧ ಕ್ಯಾಲಿಪರಿನಲ್ಲಿ ಹಳೆಯ ಆಯಿಲೇ ಉಳಿಯುತ್ತದೆ. ಇನ್ನೊಂದು ಮಾತು: ನಿಪ್ಪಲ್ ಯಾವಾಗಲೂ ಕ್ಯಾಲಿಪರಿನ ಮೇಲ್ತುದಿಯಲ್ಲಿ ಇರಬೇಕು, ಗಾಳಿ ಮೇಲಕ್ಕೇ ಏರುವುದರಿಂದ. ಕ್ಯಾಲಿಪರ್ ಬಿಚ್ಚಿ ಹಾಕುವಾಗ ಎಡ ಬಲ ಅದಲುಬದಲಾದರೆ ನಿಪ್ಪಲ್ ಕೆಳಗೆ ಹೋಗುತ್ತದೆ. ಆಗ ಎಷ್ಟು ಆಯಿಲ್ ಹರಿಸಿದರೂ ಗಾಳಿ ಹೊರಬರುವುದಿಲ್ಲ.

ನಿಪ್ಪಲ್ ತೆರೆಯುವುದು

ಇದಕ್ಕೆ ಎರಡನೆಯವರು ಬೇಕು. ನನಗೆ ತಂಗಿ ಇದ್ದಾಳೆ. ಅವಳು ಸೀಟಿನಲ್ಲಿ, ನಾನು ಚಕ್ರದ ಬಳಿ. ಎಂಜಿನ್ ಆಫ್ ಇರಲಿ. ಪೆಡಲಿನ ಅಡಿಗೆ ಒಂದು ಮರದ ತುಂಡನ್ನು ಇಡಿ, ಪೆಡಲ್ ನೆಲದವರೆಗೆ ಹೋಗದ ಹಾಗೆ. ಮಾಸ್ಟರ್ ಸಿಲಿಂಡರಿನ ಪಿಸ್ಟನ್ ದಿನವೂ ಓಡಾಡದ ಆ ಕೊನೆಯ ಭಾಗದಲ್ಲಿ ತುಕ್ಕು, ಕಸ ಕೂತಿರುತ್ತದೆ. ಅಲ್ಲಿಗೆ ಹೋದರೆ ಸೀಲ್ ಹರಿಯಬಹುದು. ಹಳೆಯ ಕಾರಿನಲ್ಲಿ ಆಯಿಲ್ ಬದಲಿಸಿದ ಮರುದಿನವೇ ಮಾಸ್ಟರ್ ಸಿಲಿಂಡರ್ ಕೈಕೊಟ್ಟಿತು ಎಂಬ ದೂರಿನ ಹಿಂದೆ ಬಹಳ ಸಲ ಇದೇ ಕಾರಣ ಇರುತ್ತದೆ.

ನಿಪ್ಪಲ್‌ನ ರಬ್ಬರ್ ಟೊಪ್ಪಿ ತೆಗೆದು ಸುತ್ತ ಒರೆಸಿ. ಮೊದಲು ರಿಂಗ್ ಸ್ಪ್ಯಾನರ್ ಕೂರಿಸಿ, ಅದರ ಮೇಲೆ ಕೊಳವೆ. ಕೊಳವೆ ಮೊದಲು ಹಾಕಿದರೆ ಸ್ಪ್ಯಾನರ್ ಒಳಗೆ ಹೋಗುವುದಿಲ್ಲ. ಕೊಳವೆಯ ಇನ್ನೊಂದು ತುದಿ ಬಾಟಲಿಯೊಳಗೆ ಸ್ವಲ್ಪ ಹೊಸ ಆಯಿಲಿನಲ್ಲಿ ಮುಳುಗಿರಲಿ. ಕೊಳವೆ ನಿಪ್ಪಲ್‌ನಿಂದ ಮೇಲಕ್ಕೆ ಏರಿ ಆಮೇಲೆ ಬಾಟಲಿಗೆ ಇಳಿಯುವಂತೆ ಬಾಗಿಸಿ, ಗುಳ್ಳೆ ನಿಪ್ಪಲ್‌ನಿಂದ ದೂರ ಸರಿದು ಕಣ್ಣಿಗೆ ಕಾಣುತ್ತದೆ.

ನಿಪ್ಪಲ್ ಜಗ್ಗದಿದ್ದರೆ ಬಲಪ್ರಯೋಗ ಬೇಡ. ತುಕ್ಕು ಬಿಡಿಸುವ ಸ್ಪ್ರೇಯನ್ನು ಅದರ ಬುಡಕ್ಕೆ ಹಿಂದಿನ ರಾತ್ರಿಯೇ ಹೊಡೆದಿಡಿ, ಬೆಳಿಗ್ಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೆ ತಿರುಗಿಸಿ ಆಮೇಲೆ ಸಡಿಲಿಸಿ. ಆಗಲೂ ಬಾರದಿದ್ದರೆ ಗ್ಯಾರೇಜಿಗೆ ಕೊಂಡೊಯ್ಯಿರಿ. ಮುರಿದ ನಿಪ್ಪಲ್ ತೆಗೆಯಲು ಕ್ಯಾಲಿಪರನ್ನೇ ಬಿಚ್ಚಬೇಕಾಗುತ್ತದೆ.

ಈಗ ಇಬ್ಬರ ನಡುವಿನ ಮಾತು. ಇದನ್ನು ಕೆಲಸ ಶುರುವಾಗುವ ಮುಂಚೆಯೇ ಗೊತ್ತುಮಾಡಿಕೊಳ್ಳಬೇಕು. ನಾನು "ಒತ್ತು" ಎನ್ನುತ್ತೇನೆ. ತಂಗಿ ನಿಧಾನವಾಗಿ ಒತ್ತಿ, ಬಲ ಬಿಡದೆ ಹಿಡಿದು, "ಒತ್ತಿದೆ ಅಣ್ಣ" ಎನ್ನುತ್ತಾಳೆ. ನಾನು ನಿಪ್ಪಲನ್ನು ಕಾಲು ತಿರುವು ತೆರೆಯುತ್ತೇನೆ. ಆಯಿಲ್ ಚಿಮ್ಮಿ ಕೊಳವೆಗೆ ಬರುತ್ತದೆ, ಅವಳ ಕಾಲಿನ ಕೆಳಗೆ ಪೆಡಲ್ ಇಳಿಯುತ್ತದೆ. ಇಳಿದರೂ ಅವಳು ಕಾಲು ಎತ್ತುವುದಿಲ್ಲ. ಮರದ ತುಂಡಿಗೆ ತಾಕಿದಾಗ "ತಾಕಿತು" ಎನ್ನುತ್ತಾಳೆ. ನಾನು ನಿಪ್ಪಲ್ ಮುಚ್ಚಿ "ಬಿಡು" ಎಂದ ಮೇಲಷ್ಟೇ ಕಾಲು ಎತ್ತುತ್ತಾಳೆ. ನಿಪ್ಪಲ್ ತೆರೆದಿರುವಾಗ ಪೆಡಲ್ ಬಿಟ್ಟರೆ ಹೊರಗಿನ ಗಾಳಿ ಒಳಕ್ಕೆ ಎಳೆದುಕೊಳ್ಳುತ್ತದೆ, ಅಲ್ಲಿಯವರೆಗೆ ಮಾಡಿದ್ದೆಲ್ಲ ನೀರಿನಲ್ಲಿ ಮಾಡಿದ ಹೋಮ. ಆದ್ದರಿಂದ "ಸರಿ", "ಹೂಂ" ಇಂಥ ಮಾತುಗಳನ್ನು ನಾವು ಆಗ ಆಡುವುದೇ ಇಲ್ಲ. ನಾಲ್ಕೇ ಮಾತು: ಒತ್ತು, ಒತ್ತಿದೆ, ತಾಕಿತು, ಬಿಡು. ರೇಡಿಯೊ ಬಂದ್, ಮೊಬೈಲ್ ಮನೆಯೊಳಗೆ.

ಮೊದಲು ಬರುವ ಆಯಿಲ್ ಹಳಸಿದ ಕಾಫಿಯ ಬಣ್ಣದ್ದಾಗಿರುತ್ತದೆ. ಐದಾರು ಸಲ ಒತ್ತಿದ ಮೇಲೆ ಕೊಳವೆಯಲ್ಲಿ ಬಣ್ಣ ತಿಳಿಯಾಗುತ್ತ ಬರುವುದು ಕಾಣುತ್ತದೆ. ಒಂದು ಹಂತದಲ್ಲಿ ಕಂದು ಮತ್ತು ಜೇನಿನ ಬಣ್ಣ ಎರಡೂ ಕೊಳವೆಯಲ್ಲಿ ಅಕ್ಕಪಕ್ಕ ನಿಂತಿರುತ್ತವೆ. ಅದನ್ನು ನೋಡಲು ನಾನು ಪ್ರತಿ ಸಲ ಬಗ್ಗಿ ಕಾಯುತ್ತೇನೆ. ಗುಳ್ಳೆಗಳು ಮೊದಲು ಸಾಸಿವೆಯಷ್ಟು, ಆಮೇಲೆ ರವೆಯಷ್ಟು, ಕೊನೆಗೆ ಏನೂ ಇಲ್ಲ. ತಿಳಿಯಾದ ಮೇಲೂ ಎರಡು ಸಲ ಒತ್ತಿಸಿ ಮುಂದಿನ ನಿಪ್ಪಲ್‌ಗೆ ಹೋಗಿ. ಗುಳ್ಳೆ ನಿಲ್ಲದಿದ್ದರೆ ಕ್ಯಾಲಿಪರಿನ ಮೈಮೇಲೆ ಮರದ ಹಿಡಿಯಿಂದ ತಟ್ಟಿ. ಒಳಗೋಡೆಗೆ ಅಂಟಿದ್ದ ಗಾಳಿ ಬಿಟ್ಟು ಮೇಲೇರುತ್ತದೆ. ಹಿಂದಿನ ಒಂದು ಚಕ್ರಕ್ಕೆ ಎರಡೂ ನಿಪ್ಪಲ್ ಸೇರಿ ಸುಮಾರು 250 ಮಿಲಿಲೀಟರ್ ಬೇಕಾಗುತ್ತದೆ, ಮುಂದಿನವಕ್ಕೆ ಅದಕ್ಕಿಂತ ಕಡಿಮೆ. ಬಾಟಲಿಯ ಗೆರೆ ಈಗ ಕೆಲಸಕ್ಕೆ ಬರುತ್ತದೆ.

ಪ್ರತಿ ಐದು ಸಲ ಒತ್ತಿದ ಮೇಲೆ ಎದ್ದು ಹೋಗಿ ಡಬ್ಬ ನೋಡಿ, ತುಂಬಿ. ಬೇಸರವಾದರೂ ತಪ್ಪಿಸಬೇಡಿ. ಡಬ್ಬ ಬರಿದಾಗಿ ಗಾಳಿ ಎಬಿಎಸ್ ಘಟಕದೊಳಗೆ ಹೊಕ್ಕರೆ ಅದನ್ನು ಹೊರಹಾಕಲು ಸ್ಕ್ಯಾನರಿನಿಂದ ಅದರ ಪಂಪ್ ಓಡಿಸಬೇಕಾಗುತ್ತದೆ. ಮನೆಯ ಕೆಲಸ ಅಲ್ಲಿಗೆ ನಿಲ್ಲುತ್ತದೆ. ಡಬ್ಬ ಬರಿದಾಗಲು ಬಿಡದಿದ್ದರೆ ಸಾಮಾನ್ಯ ಬದಲಾವಣೆಗೆ ಸ್ಕ್ಯಾನರ್ ಬೇಡ.

ನಿಪ್ಪಲ್ ಮುಚ್ಚುವಾಗ ಅದು ಎಷ್ಟು ಸಣ್ಣದು, ಒಳಗೆ ಟೊಳ್ಳು ಎಂಬುದು ನೆನಪಿರಲಿ. ಕ್ಯಾಲಿಪರ್ ಅಲ್ಯೂಮಿನಿಯಂ. ಮಣಿಕಟ್ಟಿನ ಬಲ ಸಾಕು, ತೋಳಿನ ಬಲ ಬೇಡ. ಕೈಪಿಡಿಯಲ್ಲಿ ಬಿಗಿಯ ಅಂಕಿ ಇದ್ದರೆ ಟಾರ್ಕ್ ರೆಂಚ್ ಬಳಸಿ. ಸುತ್ತ ನೀರಿನಿಂದ ತೊಳೆದು, ಒರೆಸಿ, ರಬ್ಬರ್ ಟೊಪ್ಪಿ ಮರಳಿ ಹಾಕಿ.

ಒಬ್ಬರೇ ಇದ್ದರೆ

ಡಬ್ಬದ ಬಾಯಿಗೆ ಕೂರುವ ಮುಚ್ಚಳ, ಕೈಪಂಪು ಇರುವ ಒತ್ತಡದ ಬಾಟಲಿಗಳು ಸಿಗುತ್ತವೆ. ಸುಮಾರು ಒಂದು ಬಾರ್ ಒತ್ತಡ ಸಾಕು. ಹೆಚ್ಚು ಮಾಡಿದರೆ ಪ್ಲಾಸ್ಟಿಕ್ ಡಬ್ಬವೇ ಬಿರುಕು ಬಿಡಬಹುದು. ಬಾಟಲಿಗೆ ಆಯಿಲ್ ಹಾಕುವ ಮುನ್ನ ಬರೀ ಗಾಳಿಯಿಂದ ಒಮ್ಮೆ ಒತ್ತಡ ಏರಿಸಿ, ಮುಚ್ಚಳ ಸೋರುತ್ತದೆಯೇ ನೋಡಿ. ಸೋರುವುದು ಆಯಿಲ್ ತುಂಬಿದ ಮೇಲೆ ತಿಳಿದರೆ ಡಿಕ್ಕಿಯ ಬಣ್ಣ ಹೋಗುತ್ತದೆ. ಆಮೇಲೆ ಪೆಡಲ್ ಮುಟ್ಟುವ ಅಗತ್ಯವೇ ಇಲ್ಲ, ನಿಪ್ಪಲ್ ತೆರೆದರೆ ಆಯಿಲ್ ಹರಿಯುತ್ತದೆ. ಬಾಟಲಿಯಲ್ಲಿ ಎಷ್ಟು ಉಳಿದಿದೆ ಎಂಬುದರ ಮೇಲೆ ಮಾತ್ರ ಕಣ್ಣಿರಲಿ.

ನಿಪ್ಪಲ್ ಕಡೆಯಿಂದ ಎಳೆಯುವ ನಿರ್ವಾತ ಪಂಪು ನನಗೆ ಹಿಡಿಸಲಿಲ್ಲ. ನಿಪ್ಪಲ್‌ನ ತಿರುಪಿನ ಸಂದಿನಿಂದ ಹೊರಗಿನ ಗಾಳಿಯೇ ಕೊಳವೆಗೆ ಬಂದು ಗುಳ್ಳೆ ನಿಲ್ಲುವುದೇ ಇಲ್ಲ; ಆ ಗುಳ್ಳೆ ಒಳಗಿನದೋ ಹೊರಗಿನದೋ ಹೇಳಲಾಗದು.

ಕಾರು ಕದಲಿಸುವ ಮುನ್ನ

ಡಬ್ಬವನ್ನು ಗರಿಷ್ಠ ಗೆರೆಗೆ ತುಂಬಿ ಮುಚ್ಚಿ. ಮರದ ತುಂಡನ್ನು ಪೆಡಲಿನ ಅಡಿಯಿಂದ ತೆಗೆಯಿರಿ, ಇದನ್ನು ನಾನು ಎರಡು ಸಲ ನೋಡಿ ಖಚಿತ ಮಾಡಿಕೊಳ್ಳುತ್ತೇನೆ. ಚಕ್ರದ ಬೋಲ್ಟ್‌ಗಳನ್ನು ಕೈಯಲ್ಲಿ ಕೂರಿಸಿ, ಕಾರು ಇಳಿಸಿ, ಒಂದು ಬಿಟ್ಟು ಒಂದರಂತೆ ನಕ್ಷತ್ರದ ಕ್ರಮದಲ್ಲಿ ಬಿಗಿಯಿರಿ. ನನ್ನ 987ಕ್ಕೆ 130 ನ್ಯೂಟನ್ ಮೀಟರ್. ನಿಮ್ಮದಕ್ಕೆ ಎಷ್ಟೆಂದು ಕೈಪಿಡಿ ನೋಡಿ.

ಎಂಜಿನ್ ಆಫ್ ಇರುವಾಗಲೇ ಪೆಡಲ್ ಒತ್ತಿ. ಮೇಲೆಯೇ ಗಟ್ಟಿಯಾಗಿ ನಿಲ್ಲಬೇಕು. ಒತ್ತಿ ಹಿಡಿದೇ ಎಂಜಿನ್ ಚಾಲೂ ಮಾಡಿ; ಕಾಲಿನ ಬಲವನ್ನು ಹೆಚ್ಚಿಸುವ ಬೂಸ್ಟರಿನ ನೆರವು ಸಿಕ್ಕಿ ಪೆಡಲ್ ಸ್ವಲ್ಪ ಕೆಳಗಿಳಿಯುತ್ತದೆ, ಅದು ಸಹಜ. ಇನ್ನೂ ಅರ್ಧ ನಿಮಿಷ ಬಲವಾಗಿ ಹಿಡಿಯಿರಿ. ನಿಧಾನವಾಗಿ ಇಳಿಯುತ್ತಲೇ ಹೋದರೆ ಎಲ್ಲೋ ಸೋರುತ್ತಿದೆ ಅಥವಾ ಮಾಸ್ಟರ್ ಸಿಲಿಂಡರಿನ ಸೀಲ್ ಹೋಗಿದೆ. ಸ್ಪಂಜಿನಂತೆ ಅನಿಸಿ, ಪಂಪ್ ಮಾಡಿದಾಗ ಮೇಲೇರಿದರೆ ಒಳಗೆ ಗಾಳಿ ಉಳಿದಿದೆ. ಎರಡರಲ್ಲಿ ಯಾವುದಾದರೂ ಕಾರನ್ನು ಒಂದು ಅಡಿಯೂ ಕದಲಿಸಬೇಡಿ. ಗಾಳಿ ಇದ್ದರೆ ಎಂಟೂ ನಿಪ್ಪಲ್‌ಗಳನ್ನು ಮೊದಲಿನಿಂದ ಮಾಡಬೇಕು. ನನಗೆ ಮೊದಲ ಸಲ ಹಾಗೇ ಆಯಿತು. ಒಳಗಿನ ನಿಪ್ಪಲ್ ಒಂದನ್ನು ಅವಸರದಲ್ಲಿ ಮುಗಿಸಿದ್ದೆ. ಕತ್ತಲಾಗಿತ್ತು, ತಂಗಿ ಬೇಸರಿಸದೆ ಮತ್ತೆ ಸೀಟಿನಲ್ಲಿ ಕೂತಳು.

ಎಲ್ಲ ಸರಿಯಿದ್ದರೆ ಜನ ಓಡಾಡದ ಜಾಗದಲ್ಲಿ ನಡೆಯುವ ವೇಗದಲ್ಲಿ ಹೋಗಿ ಬ್ರೇಕ್ ಹಾಕಿ. ಆಮೇಲೆ 20, 40, ಖಾಲಿ ರಸ್ತೆಯಲ್ಲಿ 60 ಕಿಲೋಮೀಟರ್ ವೇಗದಿಂದ. ಮನೆಗೆ ಬಂದು ಪ್ರತಿ ನಿಪ್ಪಲ್‌ನ ಬುಡಕ್ಕೆ ಬಿಳಿ ಟಿಶ್ಯೂ ಒತ್ತಿ ನೋಡಿ, ಮರುದಿನ ಬೆಳಿಗ್ಗೆ ಇನ್ನೊಮ್ಮೆ. ಒದ್ದೆಯಾಗಿದ್ದರೆ ಬಿಗಿ ಸಾಲದು. ಡಬ್ಬದ ಮಟ್ಟವನ್ನೂ ಆಗಲೇ ನೋಡಿ. ನೂರು ಕಿಲೋಮೀಟರ್ ಓಡಿಸಿದ ಮೇಲೆ ಚಕ್ರದ ಬೋಲ್ಟ್‌ಗಳ ಬಿಗಿಯನ್ನು ಮತ್ತೆ ಪರೀಕ್ಷಿಸಿ.

ಬಾಟಲಿಯಲ್ಲಿ ಸೇರಿದ ಹಳೆಯ ಆಯಿಲ್ ವಿಷ. ಚರಂಡಿಗಾಗಲಿ ಗಿಡದ ಬುಡಕ್ಕಾಗಲಿ ಸುರಿಯಬೇಡಿ, ಮಕ್ಕಳಿಗೆ, ನಾಯಿ ಬೆಕ್ಕುಗಳಿಗೆ ಸಿಗುವಲ್ಲಿ ಇಡಬೇಡಿ. ಬಾಟಲಿಯ ಮೇಲೆ ದೊಡ್ಡದಾಗಿ ಹೆಸರು ಬರೆದು, ಬಳಸಿದ ಆಯಿಲನ್ನು ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಎಂಜಿನ್ ಆಯಿಲಿನೊಂದಿಗೆ ಬೆರೆಸದೆ ಬೇರೆಯಾಗಿಯೇ ಕೊಡಿ.

ಕೊನೆಗೆ ಒಂದು ಚಿಕ್ಕ ಕಾಗದದ ಟೇಪಿನ ಮೇಲೆ ತಾರೀಖು, ಓಡಿದ ಕಿಲೋಮೀಟರ್, ಆಯಿಲಿನ ಹೆಸರು ಬರೆದು ಡಿಕ್ಕಿಯ ಪ್ಲಾಸ್ಟಿಕ್ ಹೊದಿಕೆಯ ಒಳಮೈಗೆ ಅಂಟಿಸುತ್ತೇನೆ. ನನ್ನಿಂದ ಈ ಕಾರನ್ನು ಕೊಳ್ಳುವವರು ಘಾಟಿ ಇಳಿಯುವ ಮೊದಲು ಅದನ್ನು ಓದಲಿ ಎಂದು.